ಬ್ರೆಂಡಾಳ ಬಾಲ್ಕನಿಯಲ್ಲಿ ಹಮೀದ್ ಭಾಯ್ ಹೆಸರು

ಕಳೆದ ಮಂಗಳವಾರ ಬೆಳಿಗ್ಗೆ ಆರು ಗಂಟೆಗೆ, ದುಬೈಯ ಮಿರ್ದಿಫ್‌ನ ಒಂದು ಫ್ಲ್ಯಾಟಿನ ಬಾಲ್ಕನಿಯಲ್ಲಿ, ಕಪ್ಪು ಹಿಡಿಯ ಚಾಕುವಿನ ಅಡಿಯಲ್ಲಿ ನಾನು ಹಮೀದ್ ಭಾಯ್ ಹೆಸರು ನೋಡಿದೆ.

ಬಿಳಿ ಕಾಗದದ ಚೂರು. ಅದರ ಮೇಲೆ ಇಂಗ್ಲಿಷಿನಲ್ಲಿ ದಪ್ಪಕ್ಷರದ ‘ಹಮೀದ್’. ಪಕ್ಕದಲ್ಲಿ ಅರ್ಧ ಉರಿದ ಮೇಣದಬತ್ತಿ, ಒಂದು ಬಟ್ಟಲು ಉಪ್ಪು, ಇನ್ನೊಂದರಲ್ಲಿ ನೀರು. ನಡುವೆ ಒಂದು ಮರದ ತಟ್ಟೆ, ಅದರಲ್ಲಿ ವೃತ್ತದೊಳಗೆ ಕೆತ್ತಿದ ಐದು ಮೂಲೆಯ ನಕ್ಷತ್ರ. ತುಳುನಾಡಿನಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಮಾಟ!

ನಾನು ಅಲ್ ಕುಸೈಸ್‌ನಿಂದ ಅಬುಧಾಬಿಯ ಆಫೀಸಿಗೆ ದಿನಾ ಹೋಗಿ ಬರುವವಳು ಎಂದು ಈ ಅಂಕಣ ಓದುವ ನಿಮಗೆ ಗೊತ್ತು. (ಒಂದು ದಿಕ್ಕಿಗೆ ಒಂದೂವರೆ ಗಂಟೆ. ಅರ್ಧ ಆಯುಷ್ಯ ಟ್ರಾಫಿಕ್ಕಿಗೇ ಬರೆದುಕೊಟ್ಟಿದ್ದೇನೆ.) ಕಾರು ಹಮೀದ್ ಭಾಯ್ ಅವರದು. ಉಳ್ಳಾಲದ ಬ್ಯಾರಿ, ನಮ್ಮದೇ ಕಂಪನಿಯ ಸ್ಟೋರ್ಸ್ ನೋಡಿಕೊಳ್ಳುವವರು, ಐದು ಹೊತ್ತಿನ ನಮಾಜು ತಪ್ಪಿಸದವರು. ಎರಡು ತಿಂಗಳ ಹಿಂದೆ ಎದೆನೋವು ಬಂದು ಸ್ಟೆಂಟ್ ಹಾಕಿಸಿಕೊಂಡಿದ್ದಾರೆ. ಮುಂದಿನ ಸೀಟಿನಲ್ಲಿ ನಾನು. ದಾರಿಯಲ್ಲಿ ಮಿರ್ದಿಫ್‌ಗೆ ತಿರುಗಿಸಿ ಬ್ರೆಂಡಾಳನ್ನು ಹತ್ತಿಸಿಕೊಳ್ಳುತ್ತೇವೆ.

ಬ್ರೆಂಡಾ ಇಂಗ್ಲೆಂಡಿನವಳು. ಐವತ್ತೆಂಟು ವರ್ಷ. ನಮ್ಮ ಸೇಫ್ಟಿ ಮ್ಯಾನೇಜರ್. ಹೆಲ್ಮೆಟ್ ಇಲ್ಲದೆ ಸೈಟಿಗೆ ಬಂದರೆ ಎಂ.ಡಿ.ಯನ್ನೂ ವಾಪಸ್ ಕಳಿಸುವ ಹೆಂಗಸು. ಕಣ್ಣಿನ ಆಪರೇಷನ್ ಆದ ಮೇಲೆ ಡ್ರೈವಿಂಗ್ ಬಿಟ್ಟಿದ್ದಾಳೆ. ಹಾಗಾಗಿ ಹಮೀದ್ ಭಾಯ್ ಕಾರಿಲ್ಲದಿದ್ದರೆ ಅವಳಿಗೆ ಆ ಕೆಲಸವೂ ಇಲ್ಲ. (ಹೆಸರು, ಊರು, ಹುದ್ದೆ ಎಲ್ಲ ಬದಲಾಯಿಸಿದ್ದೇನೆ. ಯಾಕೆಂದು ಮುಂದೆ ಗೊತ್ತಾಗುತ್ತದೆ.)

ಆ ದಿನ ಸೇಫ್ಟಿ ಡೇ. ಬಹುಮಾನಗಳ ಡಬ್ಬ ಇದೆ, ಹಿಡಿದುಕೊಳ್ಳಲು ಮೇಲೆ ಬಾ ಎಂದು ಕರೆದಿದ್ದಳು. ಅವಳು ಡಬ್ಬ ತರಲು ಒಳಗೆ ಹೋದ ಎರಡು ನಿಮಿಷದಲ್ಲಿ ನಾನು ಬಾಲ್ಕನಿಗೆ ಇಣುಕಿದೆ. ಇಣುಕುವುದು ನನ್ನ ಹುಟ್ಟುಗುಣ, ಅದಕ್ಕೆ ಮದ್ದಿಲ್ಲ.

ಕಾರು ಹೈವೇ ಸೇರುವವರೆಗೆ ಹೇಗೋ ತಡೆದುಕೊಂಡೆ. ಆಮೇಲೆ ಆಗಲಿಲ್ಲ. ಬ್ರೆಂಡಾ ಹಿಂದೆ ಕೂತಿದ್ದಾಳೆ ಎಂಬ ಮರ್ಯಾದೆಯೂ ಇಲ್ಲದೆ ತುಳುವಿನಲ್ಲಿ ಶುರು ಹಚ್ಚಿದೆ.

“ಹಮೀದ್ ಭಾಯ್, ತಿರುಗಿ ನೋಡ್ಬೇಡಿ. ಬ್ರೆಂಡಾ ಅವಳ ಬಾಲ್ಕನಿಯಲ್ಲಿ ನಿಮ್ಮ ಹೆಸರು ಬರೆದಿಟ್ಟಿದ್ದಾಳೆ. ಚಾಕು ಉಂಟು, ಉಪ್ಪು ಉಂಟು, ಮಂಡಲ ಉಂಟು.”

“ಎಂತ?”

“ಮಾಟ ಅಂತ ಕಾಣ್ತದೆ.”

ಕಾರು ಇಂಡಿಕೇಟರ್ ಹಾಕದೆ ಲೇನ್ ಬದಲಾಯಿಸಿತು. “ಅಸ್ತಗ್‌ಫಿರುಲ್ಲಾ! ನನಗೆ ಸ್ಟೆಂಟ್ ಹಾಕುವ ಮೊದಲಾ, ಮತ್ತೆಯಾ?”

“ನನಗೆಂತ ಗೊತ್ತು ಮಾರಾಯ್ರೆ, ಡೇಟ್ ಹಾಕಿರ್ಲಿಲ್ಲ.”

ಅವರು ಕಾರನ್ನು ಮತ್ತೆ ಲೇನಿಗೆ ತಂದರು. ಆಮೇಲೆ ಹೇಳಿದರು: “ನಾಳೆಯಿಂದ ಮಿರ್ದಿಫ್‌ಗೆ ತಿರುಗಿಸುದಿಲ್ಲ. ಖಲಾಸ್. ಇವತ್ತೇ ಎಚ್.ಆರ್.ಗೆ ಹೇಳ್ತೇನೆ.”

ಈ ದೇಶದಲ್ಲಿ ಮಾಟ-ಮಂತ್ರ ಎಂದರೆ ಹರಟೆಯ ವಿಷಯವಲ್ಲ. ಅದಕ್ಕೆ ಕಾನೂನಿದೆ, ಜೈಲಿದೆ, ಗಡೀಪಾರಿದೆ. ನಾನು ಬಾಯಿಚಪಲಕ್ಕೆ ಹೇಳಿದ ಒಂದು ಮಾತಿಗೆ ಒಬ್ಬಳ ಕೆಲಸ, ವೀಸಾ, ಮರ್ಯಾದೆ ಎಲ್ಲವೂ ಹೋಗಬಹುದಿತ್ತು. “ಅಲ್ಲ, ಒಮ್ಮೆ ಕೇಳಿ ನೋಡುವ ಅಲ್ವಾ?” ಎಂದೆ, ಮೆಲ್ಲಗೆ.

ಕೇಳುವ ಅಗತ್ಯವೇ ಬೀಳಲಿಲ್ಲ. “ಶಶಿ, ನಿಮ್ಮ ಮಾತಲ್ಲಿ ನನ್ನ ಹೆಸರು ಬಂತು, ಬಾಲ್ಕನಿ ಬಂತು. ನೋಡಿದೆಯಾ?” ಎಂದು ಹಿಂದಿನಿಂದ ಬ್ರೆಂಡಾ ಕೇಳಿದಳು. ಸಿಟ್ಟಿರಲಿಲ್ಲ, ಸುಸ್ತಾದ ದನಿ.

ಹಮೀದ್ ಭಾಯ್ ದಾರಿಯ ನಡುವಿನ ಗಂತೂತ್‌ನ ಪೆಟ್ರೋಲ್ ಪಂಪಿಗೆ ಕಾರು ಇಳಿಸಿದರು. ಮೂರು ಕರಕ್ ಚಾಯ್ ತಂದರು. ಸಿಟ್ಟು ಬಂದಿದ್ದರೂ ಮೂರು ತಂದರು ನೋಡಿ! ಕಾರಿನ ಪಕ್ಕ ನಿಂತು, ಕಪ್ಪು ಅವಳ ಕೈಗೆ ಕೊಟ್ಟು, ಇಂಗ್ಲಿಷಿನಲ್ಲಿ ನೇರವಾಗಿ ಕೇಳಿದರು. “ನನ್ನ ಹೆಸರು ಯಾಕೆ ಬರೆದದ್ದು?”

“ನಿಮ್ಮ ಹೃದಯಕ್ಕೆ. ನೀವು ಆಸ್ಪತ್ರೆಗೆ ಸೇರಿದ ದಿನದಿಂದ ಪ್ರತಿ ಹುಣ್ಣಿಮೆಗೆ ಒಂದು ಬತ್ತಿ ಹಚ್ಚುತ್ತೇನೆ, ಬೇಗ ಗುಣವಾಗಲಿ ಅಂತ. ನಾನು ವಿಕ್ಕನ್. ಪ್ರಕೃತಿಯನ್ನೇ ದೇವಿ ಅಂತ ಪೂಜಿಸುವವರು, ಪೇಗನ್ ಅಂತಾರಲ್ಲ, ಅದರಲ್ಲೊಂದು ಪಂಥ. ಚಾಕು ಯಾರನ್ನೂ ಕೊಯ್ಯಲಿಕ್ಕಲ್ಲ, ಪೂಜೆಯ ಗೆರೆ ಹಾಕಲಿಕ್ಕೆ. ಆದರೆ ನಿಮ್ಮನ್ನು ಕೇಳದೆ ಮಾಡಿದ್ದು ತಪ್ಪು. ಕೇಳಿಯೇ ಮಾಡಬೇಕು ಅನ್ನುವುದು ನಮ್ಮಲ್ಲೇ ಇರುವ ನಿಯಮ. ನಾನು ಮುರಿದೆ. ಸಾರಿ.”

ಹಮೀದ್ ಭಾಯ್ ಸಾರಿ ತೆಗೆದುಕೊಳ್ಳಲೂ ಇಲ್ಲ, ಬಿಡಲೂ ಇಲ್ಲ. “ಸೈತಾನನನ್ನು ಪೂಜೆ ಮಾಡ್ತೀರಾ?” ಎಂದರು.

“ಸೈತಾನ ನಿಮ್ಮ ಪುಸ್ತಕದವನು, ಚರ್ಚಿಗೆ ಹೋಗುವ ನನ್ನ ಅಮ್ಮನ ಪುಸ್ತಕದವನು ಕೂಡ. ಅವನನ್ನು ಪೂಜಿಸಬೇಕಾದರೆ ಮೊದಲು ಆ ಪುಸ್ತಕ ನಂಬಬೇಕು. ನಮ್ಮಲ್ಲಿ ಅವನೇ ಇಲ್ಲ.”

ಇದು ನನಗೆ ಹೊಳೆದೇ ಇರಲಿಲ್ಲ. ನಿಮಗೆ?

ಹಮೀದ್ ಭಾಯ್ ಮದ್ರಸದಲ್ಲಿ ಕಲಿತವರು, ಅಷ್ಟಕ್ಕೆಲ್ಲ ಬಿಡುವವರಲ್ಲ. ಸೃಷ್ಟಿ ಮಾಡಿದವನನ್ನು ಬಿಟ್ಟು ಅವನು ಮಾಡಿದ ವಸ್ತುವಿಗೆ, ಚಂದ್ರನಿಗೆ, ಮರಕ್ಕೆ ಕೈ ಮುಗಿಯುವುದು ಯಾವ ನ್ಯಾಯ ಎಂದು ಕೇಳಿದರು. ಬ್ರೆಂಡಾ ಚಾಯ್ ಊದಿ ಊದಿ ಕುಡಿಯುತ್ತ ಯೋಚಿಸಿದಳು. “ನೀವು ಬಡಗಿ ಮತ್ತು ಕುರ್ಚಿ ಅಂತ ಯೋಚಿಸುತ್ತೀರಿ. ಬಡಗಿ ಹೊರಗೆ, ಕುರ್ಚಿ ಬೇರೆ. ನಾವು ಬಸುರಿ ಮತ್ತು ಮಗು ಅಂತ ಯೋಚಿಸುತ್ತೇವೆ. ಈ ಲೋಕ ದೇವಿ ಮಾಡಿಟ್ಟು ಹೋದದ್ದಲ್ಲ, ಅವಳ ಮೈಯೊಳಗಿಂದಲೇ ಬಂದದ್ದು, ಇನ್ನೂ ಬರುತ್ತಿರುವುದು. ಮರಕ್ಕೆ ಕೈ ಮುಗಿದರೆ ಅವಳನ್ನು ಬಿಟ್ಟಂತೆ ಆಗುವುದಿಲ್ಲ.”

“ಒಪ್ಪುದಿಲ್ಲ,” ಎಂದರು ಹಮೀದ್ ಭಾಯ್.

“ಒಪ್ಪಬೇಡಿ. ಆದರೆ ಇದು ಯೋಚಿಸದೆ ಹೇಳುವ ಮಾತಲ್ಲ ಅಂತಾದರೂ ಒಪ್ಪಿ.”

ಚಾಯ್ ಮುಗಿಯಿತು, ಕಾರು ಹೊರಟಿತು, ವಾದ ಮಾತ್ರ ನಿಲ್ಲಲಿಲ್ಲ. ನಾನು ಅಷ್ಟರಲ್ಲಿ ಫೋನಿನಲ್ಲಿ ಹುಡುಕಿ ಒಂದು ಆಯುಧ ಸಂಪಾದಿಸಿದ್ದೆ. “ಬ್ರೆಂಡಾ, ನಿನ್ನ ಧರ್ಮಕ್ಕೆ ನೂರು ವರ್ಷವೂ ಸರಿಯಾಗಿ ಆಗಿಲ್ಲವಂತೆ! ಯಾರೋ ಕೂತು ಕಟ್ಟಿದ್ದಂತೆ!”

ಅವಳು ನಕ್ಕಳು. “ಹೌದು. ಹಳೆಯ ಚೂರುಪಾರು ಹೆಕ್ಕಿ ಹೊಸದಾಗಿ ಹೊಲಿದದ್ದು. ಅದನ್ನು ಮುಚ್ಚಿಡುವವರು ನಮ್ಮಲ್ಲೂ ಇದ್ದಾರೆ, ನಾನು ಮುಚ್ಚಿಡುವುದಿಲ್ಲ. ಆದರೆ ಹಳೆಯದು ಎಂಬ ಕಾರಣಕ್ಕೆ ಒಂದು ಮಾತು ನಿಜ ಆಗುತ್ತದಾ? ಹಾಗಾದರೆ ಹೊಸದು ಎಂಬ ಕಾರಣಕ್ಕೆ ಸುಳ್ಳೂ ಆಗಬಾರದು. ಎಲ್ಲ ಧರ್ಮಕ್ಕೂ ಒಂದು ಮೊದಲನೇ ವರ್ಷ ಇತ್ತು ಶಶಿ. ಆ ವರ್ಷ ನೆರೆಯವರು ಏನು ಹೇಳಿದ್ದರು?”

ನಾನು ಹಮೀದ್ ಭಾಯ್ ಮುಖ ನೋಡಿದೆ. ಅವರು ರಸ್ತೆ ನೋಡುತ್ತಲೇ ನಿಧಾನವಾಗಿ ತಲೆಯಾಡಿಸಿದರು. “ಅದು ಸತ್ಯ. ಮೊದಲ ವರ್ಷ ಕಲ್ಲೇ ಬೀಳುದು.”

ಹಾಗೆಂದು ಅವರು ಸೋತರೆಂದು ತಿಳಿಯಬೇಡಿ. ಸತ್ಯ ಒಂದೇ ಆದ ಮೇಲೆ ದೇವರು ಹಲವು ಹೇಗೆ ಎಂದು ಮತ್ತೆ ಹಿಡಿದರು. ಬ್ರೆಂಡಾ ಹೇಳಿದ್ದು ಹೀಗೆ: ಲೋಕದ ತುಂಬ ಜನ, ಪ್ರಾಮಾಣಿಕರೇ, ಬೇರೆ ಬೇರೆ ದೇವರನ್ನು ಕಂಡೆವು ಎನ್ನುತ್ತಾರೆ. ನಾವೊಬ್ಬರು ಬಿಟ್ಟು ಉಳಿದವರೆಲ್ಲ ಭ್ರಮೆಗೆ ಬಿದ್ದರು ಎನ್ನುವುದು ಒಂದು ದಾರಿ. ಹೆಚ್ಚಿನವರು ಯಾರನ್ನೋ ಕಂಡಿರಬೇಕು ಎನ್ನುವುದು ಇನ್ನೊಂದು ದಾರಿ. ಎರಡನೆಯದರಲ್ಲಿ ಮನುಷ್ಯರನ್ನು ಮೂರ್ಖರು ಎನ್ನಬೇಕಾಗಿಲ್ಲ.

“ಒಬ್ಬನೇ ಎಲ್ಲರಿಗೂ ಬೇರೆ ಬೇರೆಯಾಗಿ ಕಂಡಿರಬಹುದಲ್ಲ?” ಹಮೀದ್ ಭಾಯ್ ಪಾಯಿಂಟು ಹಾಕಿದರು.

“ಇರಬಹುದು. ನನಗೆ ಗೊತ್ತಿಲ್ಲ. ಈ ವಿಷಯಕ್ಕೆ ನಮ್ಮವರೇ ಜಗಳ ಆಡುತ್ತಾರೆ.”

ನನಗೆ ಅವಳ ಈ ‘ಗೊತ್ತಿಲ್ಲ’ ಬಹಳ ಇಷ್ಟವಾಯಿತು. ದೇವರ ವಿಷಯ ಮಾತಾಡುವವರು ಯಾರಾದರೂ ಗೊತ್ತಿಲ್ಲ ಎಂದು ಹೇಳಿದ್ದನ್ನು ನೀವು ಎಷ್ಟು ಸಲ ಕೇಳಿದ್ದೀರಿ? ಆದರೂ ನನ್ನೊಳಗೆ ಒಂದು ಪ್ರಶ್ನೆ ಕೊರೆಯುತ್ತಿತ್ತು. ನನ್ನ ಅಕ್ಕ ಹೋದದ್ದು ಕ್ಯಾನ್ಸರಿನಿಂದ, ನಲವತ್ತೊಂದನೇ ವಯಸ್ಸಿಗೆ. “ಪ್ರಕೃತಿಯೇ ದೇವಿ ಅಂತೀಯಲ್ಲ, ಕ್ಯಾನ್ಸರ್ ಕೂಡ ಪ್ರಕೃತಿಯೇ ತಾನೆ? ಅದಕ್ಕೂ ಬತ್ತಿ ಹಚ್ಚಬೇಕಾ?” ಎಂದೆ. ದನಿ ಸ್ವಲ್ಪ ಒರಟಾಗಿಯೇ ಬಂತು.

ಅಕ್ಕನ ವಿಷಯ ಅವಳಿಗೆ ಗೊತ್ತಿತ್ತು. ಮುಂದಕ್ಕೆ ಬಾಗಿ ಹೇಳಿದಳು: “ನನ್ನ ದೇವರುಗಳಿಗೆ ಎಲ್ಲವನ್ನೂ ತಡೆಯುವ ಶಕ್ತಿ ಇಲ್ಲ. ಹಾಗಾಗಿ ಅವರು ನಿನ್ನ ಅಕ್ಕನನ್ನು ಬೇಕೆಂದೇ ಬಿಟ್ಟುಕೊಟ್ಟರು ಅಂತ ನಾನು ಹೇಳಬೇಕಾಗಿಲ್ಲ. ಅದರಲ್ಲೂ ಏನೋ ಒಳ್ಳೆಯದಿದೆ ಅಂತಲೂ ಹೇಳಬೇಕಾಗಿಲ್ಲ. ಅವರು ಜೊತೆಗೆ ಕೂತು ಅಳುತ್ತಾರೆ, ಅಷ್ಟೇ. ಸಮಾಧಾನ ಕಡಿಮೆ, ಗೊತ್ತು. ಆದರೆ ಸಾವಿನ ಮನೆಯಲ್ಲಿ ನಾನು ಸುಳ್ಳು ಹೇಳದೆ ಕೂರಬಹುದು.”

ನನ್ನ ಕಣ್ಣು ತುಂಬಿ ಬಂತು. ಅಕ್ಕ ಹೋದಾಗ ಬಂದವರೆಲ್ಲ ‘ದೇವರಿಗೆ ಒಳ್ಳೆಯವರೇ ಬೇಕು’ ಎಂದಿದ್ದರು. ಆ ಮಾತಿಗೆ ಬಂದ ಸಿಟ್ಟು ನನಗಿನ್ನೂ ಇಳಿದಿಲ್ಲ.

ಆಗ ಅವಳು ಕೇಳಿದಳು. “ನೀನು ಹೇಳು ಶಶಿ. ನಿಮ್ಮ ಮನೆಯವರು ಯಾರನ್ನು ನಂಬುತ್ತಾರೆ?”

“ನಾವಾ? ಹಿಂದೂಸ್. ಗಣೇಶ, ಲಕ್ಷ್ಮಿ... ನೋಡಿದ್ದೀಯಲ್ಲ, ಬರ್ ದುಬೈ ಟೆಂಪಲ್‌ಗೆ ಹೋಗ್ತೇನಲ್ಲ.”

ಹಮೀದ್ ಭಾಯ್ ನನ್ನತ್ತ ಒಮ್ಮೆ ನೋಡಿದರು. ಅಷ್ಟರಲ್ಲಿ ಆಫೀಸು ಬಂತು. ಆ ದಿನವೆಲ್ಲ ನನಗೆ ಕೆಲಸ ಓಡಲಿಲ್ಲ. ಹನ್ನೊಂದು ಗಂಟೆಗೆ ಅವರು ಎಚ್.ಆರ್. ರೂಮಿನಿಂದ ಹೊರಗೆ ಬರುವುದು ಕಂಡಿತು. ಮೆಡಿಕಲ್ ಪೇಪರ್ ಕೊಡಲಿಕ್ಕೋ, ಬ್ರೆಂಡಾಳ ವಿಷಯ ಹೇಳಲಿಕ್ಕೋ? ಕೇಳುವ ಧೈರ್ಯ ಬರಲಿಲ್ಲ. ಸಂಜೆ ಕಾರಿನಲ್ಲಿ ಮೂವರೂ ರೇಡಿಯೋ ಕೇಳಿಕೊಂಡು ಬಂದೆವು.

ಮರುದಿನ ಬೆಳಿಗ್ಗೆ ಕಾರು ಹತ್ತಿ, ಉಸಿರು ಬಿಗಿಹಿಡಿದು ಕೂತೆ. ಮಿರ್ದಿಫ್‌ನ ಎಕ್ಸಿಟ್ ಬಂತು. ಹಮೀದ್ ಭಾಯ್ ಇಂಡಿಕೇಟರ್ ಹಾಕಿದರು, ತಿರುಗಿಸಿದರು.

“ಎಚ್.ಆರ್.ಗೆ ಹೇಳ್ಲಿಲ್ವಾ?” ಎಂದೆ.

“ಎಂತ ಹೇಳುದು? ನನ್ನ ಹಾರ್ಟು ಸರಿಯಾಗ್ಲಿ ಅಂತ ಕ್ಯಾಂಡಲ್ ಹಚ್ಚಿದ್ಲು ಅಂತ ಕಂಪ್ಲೇಂಟ್ ಕೊಡುದಾ? ಆ ಚೀಟಿ ತೆಗೀಲಿಕ್ಕೆ ಮಾತ್ರ ಹೇಳಿದ್ದೇನೆ. ನನಗೆ ದುಆ ಮಾಡ್ಲಿಕ್ಕೆ ನನ್ನ ಉಮ್ಮ ಇದ್ದಾರೆ, ಬೇರೆಯವರದ್ದು ಬೇಡ. ತೆಗೆದಿದ್ದೇನೆ ಅಂತ ನಿನ್ನೆಯೇ ಮೆಸೇಜ್ ಹಾಕಿದ್ದಾಳೆ.”

“ಹಾಗಾದ್ರೆ ಅವಳು ಹೇಳಿದ್ದು ಒಪ್ಪಿಗೆ ಆಯ್ತಾ?”

“ಇಲ್ಲವೇ ಇಲ್ಲ. ಅವಳ ದಾರಿ ತಪ್ಪೇ. ಆದ್ರೆ ಅವಳು ಕೆಲಸ ಹೋಗುವ ಹೊತ್ತಿಗೂ ತನ್ನ ದೇವರನ್ನು ಅಡಗಿಸಿ ಇಡ್ಲಿಲ್ಲ ನೋಡಿ.” ಮೆತ್ತಗೆ ಸೇರಿಸಿದರು. “ಶಶಿಯಕ್ಕ, ನಿಮಗೆ ಬೊಬ್ಬರ್ಯನ ಹೆಸರು ಹೇಳ್ಲಿಕ್ಕೆ ನಾಚಿಕೆಯಾ?”

ಕೆನ್ನೆಗೆ ಹೊಡೆದಂತಾಯಿತು. ನಾವು ಮೀನುಗಾರ ಮೊಗವೀರರು. ಕಡಲಿಗೆ ಇಳಿಯುವ ಮುನ್ನ ನನ್ನ ಅಪ್ಪ ನೆನೆಯುತ್ತಿದ್ದದ್ದು ಬೊಬ್ಬರ್ಯ ದೈವವನ್ನು. ಬ್ಯಾರಿ ತಂದೆಗೆ ಹುಟ್ಟಿ, ಕಡಲಲ್ಲಿ ಕಾದಾಡಿ ಪ್ರಾಣಬಿಟ್ಟು, ಮಾಯಕ್ಕೆ ಸಂದು ದೈವವಾದವನು ಎಂದು ನಮ್ಮ ದೈವಗಳ ಹಾಡುಗತೆ, ಪಾಡ್ದನ, ಹೇಳುತ್ತದೆ. ಹಮೀದ್ ಭಾಯ್‌ಗೆ ಅದು ಗೊತ್ತಿಲ್ಲದಿರುತ್ತದೆಯೇ! ಅವನಿಗೆ ಬರೆದಿಟ್ಟ ಗ್ರಂಥವಿಲ್ಲ, ಪ್ರವಾದಿಯಿಲ್ಲ. ಗಾಳಿ, ನೀರು, ಮೀನು, ಕಾಯುತ್ತೇನೆಂದು ಮಾತುಕೊಟ್ಟ ಒಬ್ಬ ದೈವ, ಅಷ್ಟೇ ನಮ್ಮ ಶಾಸ್ತ್ರ. ಬ್ರೆಂಡಾ ಆಫೀಸು ಬರುವವರೆಗೂ ವಾದ ಮಾಡಿ ಉಳಿಸಿಕೊಂಡದ್ದರಲ್ಲಿ ಅರ್ಧ ನನ್ನದೇ ಆಗಿತ್ತು!

ಮತ್ತೆ ಯಾಕೆ ಅಡಗಿಸಿದೆ? ಹಿಂದೆ ನಮ್ಮ ಕರಾವಳಿಗೆ ಬಂದ ಬಿಳಿಯರು ನಮ್ಮ ದೈವಗಳನ್ನು ‘ಡೆವಿಲ್’ ಎಂದು ಬರೆದರು. ಇಪ್ಪತ್ತು ವರ್ಷದ ಹಿಂದೆ ಇಲ್ಲಿಗೆ ಬಂದ ಹೊಸದರಲ್ಲಿ ನನ್ನ ರೂಮ್‌ಮೇಟ್ ‘ಭೂತ ಪೂಜೆ? ಮೀನ್ಸ್ ಘೋಸ್ಟ್?’ ಎಂದು ನಕ್ಕಿದ್ದಳು. ಅಂದಿನಿಂದ ಯಾರು ಕೇಳಿದರೂ ಗಣೇಶ, ಲಕ್ಷ್ಮಿ. ಯಾರಿಗೂ ವಿವರಿಸಬೇಕಾಗದ ದೇವರುಗಳು. ಬಿಳಿಯರು ನಮಗೆ ಅಂಟಿಸಿದಂಥದೇ ಹೆಸರನ್ನು ನಾನು ಒಬ್ಬ ಬಿಳಿ ಹೆಂಗಸಿಗೆ ಅಂಟಿಸಿದ್ದೆ, ಅದೂ ಅವಳಿಗೆ ಅರ್ಥವಾಗದ ಭಾಷೆಯಲ್ಲಿ, ಅವಳ ಎದುರಿಗೇ.

ಬ್ರೆಂಡಾ ಬಂದು ಹಿಂದಿನ ಸೀಟಿನಲ್ಲಿ ಕೂತಳು. ಬೆಲ್ಟ್ ಹಾಕಿಕೊಂಡಳು, ನಮ್ಮಿಬ್ಬರ ಬೆಲ್ಟನ್ನೂ ಕಣ್ಣಲ್ಲೇ ಪರೀಕ್ಷಿಸಿದಳು. ನಾನು ಹಿಂದಕ್ಕೆ ತಿರುಗಿ, “ಬ್ರೆಂಡಾ, ನಿನ್ನೆ ಒಂದು ಹೆಸರು ಬಿಟ್ಟಿದ್ದೆ,” ಎಂದೆ. ಅಬುಧಾಬಿ ಬರುವವರೆಗೂ ಹೇಳಿದೆ. ಎಡವಿದಲ್ಲಿ ಹಮೀದ್ ಭಾಯ್ ಸೇರಿಸಿದರು.

ಇನ್ನೊಬ್ಬಳನ್ನು ಮಾಟಗಾತಿ ಎನ್ನಲು ನನಗೆ ಎರಡು ನಿಮಿಷ ಸಾಕಾಗಿತ್ತು, ನನ್ನದೇ ದೈವದ ಹೆಸರು ಹೇಳಲು ಇಪ್ಪತ್ತು ವರ್ಷ ಯಾಕೆ ಬೇಕಾಯಿತು?