ತಿರುಗಿ ಡಬ್ಬಿಗೆ ಹಾಕಿದ ಚೀಟಿ

ಕಲ್ಯಾಣದಲ್ಲಿರುವ ನನ್ನ ಅಕ್ಕನ ಅಡುಗೆಮನೆಯ ಹಲಗೆಯ ಮೇಲೆ, ಉಪ್ಪಿನಕಾಯಿಯ ಭರಣಿಗೂ ಶೇಂಗಾ ಚಟ್ನಿಯ ಬಾಟಲಿಗೂ ನಡುವೆ, ಮುಚ್ಚಳ ಜಜ್ಜಿಹೋದ ಒಂದು ಸ್ಟೀಲಿನ ಡಬ್ಬಿ ಇದೆ. ಅದರಲ್ಲಿ ಬೇಳೆಯಿಲ್ಲ, ಬೆಲ್ಲವಿಲ್ಲ. ಇರುವುದು ಮಡಚಿದ ಕಾಗದದ ಚೂರುಗಳು. ಅವಳ ಕಟ್ಟಡದ ಹೆಂಗಸರು ನಡೆಸುವ ಭಿಶಿಯ ಡಬ್ಬಿ ಅದು. ಭಿಶಿ ಎಂದರೆ ನಿಮಗೆ ಗೊತ್ತಿರಬಹುದು: ತಿಂಗಳಿಗೊಮ್ಮೆ ಎಲ್ಲರೂ ಹಣ ಹಾಕಿ, ಡಬ್ಬಿ ಅಲುಗಿಸಿ, ಒಂದು ಚೀಟಿ ಎತ್ತುತ್ತಾರೆ, ಯಾರ ಹೆಸರು ಬಂತೋ ಆ ತಿಂಗಳ ಗಂಟು ಅವರಿಗೆ. ಬಂದ ಚೀಟಿಯನ್ನು ಹರಿದು ಹಾಕುತ್ತಾರೆ, ಅದು ಮತ್ತೆ ಡಬ್ಬಿ ಸೇರುವುದಿಲ್ಲ. ಆದ್ದರಿಂದ ಭಿಶಿಯಲ್ಲಿ ಕಾಯುವವರಿಗೆ ಲೋಕದಲ್ಲಿ ಬೇರೆಲ್ಲೂ ಸಿಗದ ಒಂದು ನೆಮ್ಮದಿಯಿದೆ. ಇಲ್ಲಿ ತಡವಾದಷ್ಟೂ ಸರದಿ ಹತ್ತಿರವಾಗುತ್ತದೆ. ಕೊನೆಗೆ ಒಂದೇ ಒಂದು ಚೀಟಿ ಉಳಿದಾಗಲೂ ಅಕ್ಕ ಡಬ್ಬಿಯನ್ನು ಚೆನ್ನಾಗಿ ಅಲುಗಿಸಿಯೇ ಎತ್ತುತ್ತಾಳೆ, ಶಾಸ್ತ್ರ ಬಿಡಬಾರದೆಂದು.

ಅಕ್ಕನ ಗಣಿತವೆಲ್ಲ ಈ ಡಬ್ಬಿಯಿಂದ ಹುಟ್ಟಿದ್ದು. ನನ್ನ ಗಣಿತ ಕಾಲೇಜಿನಲ್ಲಿ ಹುಟ್ಟಿ ವಾಶಿಯ ಒಂದು ವಿಮಾ ಕಚೇರಿಯಲ್ಲಿ ಬೆಳೆದದ್ದು. ಯಾವುದು ಎಷ್ಟು ಸಲ ಆಗುತ್ತದೆ, ಎಷ್ಟು ಸಲ ಆಗುವುದಿಲ್ಲ ಎಂದು ಎಣಿಸುವುದೇ ನನ್ನ ಹೊಟ್ಟೆಪಾಡು. ಈ ಎರಡು ಗಣಿತಗಳಿಗೂ ಜಗಳ ತಂದಿಟ್ಟದ್ದು ನಲವತ್ತೇಳು ಎಂಬ ಸಂಖ್ಯೆ.

ಮಾಮಾ, ಅಂದರೆ ಅಕ್ಕನ ಗಂಡ, ಭಿವಂಡಿಯ ಗೋದಾಮೊಂದರಲ್ಲಿ ಕಾರಕೂನರಾಗಿದ್ದರು. ವಿಜಯಪುರದ ಕಡೆಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ಅವರಿಬ್ಬರೂ ಸಂಸಾರ ಹೂಡಿದ್ದು ಒಂದು ಚಾಳಿನ ಸಾಲುಕೋಣೆಗಳ ಪೈಕಿ ನಲವತ್ತೇಳನೆಯ ಖೋಲಿಯಲ್ಲಿ. ತಗಡಿನ ಮಾಡು, ಸಾಲಿಗೊಂದೇ ನಲ್ಲಿ, ಕಾಲು ಚಾಚಿದರೆ ಎದುರಿನ ಗೋಡೆ. ಆ ಚಾಳು ಈಗಿಲ್ಲ, ಅಲ್ಲಿ ತಲೆಯೆತ್ತಿ ನೋಡಿದರೆ ಕುತ್ತಿಗೆ ನೋಯುವಷ್ಟು ಎತ್ತರದ ಕಟ್ಟಡ ನಿಂತಿದೆ. ಖೋಲಿ ಹೋದರೂ ಅದರ ಅಂಕಿಯನ್ನು ಮಾಮಾ ಬಿಡಲಿಲ್ಲ. ವಾರಕ್ಕೊಂದು ಲಾಟರಿ ಟಿಕೀಟು ಕೊಳ್ಳುವರು, ಅದರ ಕೊನೆಯ ಎರಡು ಅಂಕಿ ನಲವತ್ತೇಳೇ ಆಗಿರಬೇಕು. ಅವರು ಮನೆಗೆ ಬರುವುದು ತಡವಾಗುತ್ತಿದ್ದುದರಿಂದ, ಸಂಜೆ ಕಾಯಿಪಲ್ಯಕ್ಕೆ ಹೋದ ಅಕ್ಕ ಸ್ಟೇಷನ್ನಿನ ಬಳಿಯ ಲಾಟರಿ ಅಂಗಡಿಯ ಹಲಗೆಯಲ್ಲಿ ಫಲಿತಾಂಶ ನೋಡಿ ಬರುವಳು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಗಂಡನಿಗೆ "ಬಂದಿಲ್ರೀ" ಅನ್ನುವಳು. "ಬರ್ತೈತಿ ತಗೋ" ಎಂದು ಅವರು ಕಾಲು ತೊಳೆಯಲು ಹೋಗುವರು. ಎಷ್ಟೋ ವರ್ಷ ಆ ಮನೆಯಲ್ಲಿ ಫಲಿತಾಂಶದ ದಿನ ಸಂಜೆಯ ಮಾತು ಶುರುವಾಗುತ್ತಿದ್ದುದೇ ಹೀಗೆ.

ಮಾಮಾ ತೀರಿಕೊಂಡ ಮೇಲೆ ಅಕ್ಕ ಟಿಕೀಟು ಕೊಳ್ಳಲಿಲ್ಲ. ಆದರೆ ಹಲಗೆ ನೋಡುವುದನ್ನು ಬಿಡಲಿಲ್ಲ. ಕೇಳಿದರೆ, "ತಗೊಳ್ಳೂದು ಅವರ ಕೆಲಸ, ನೋಡೂದು ನನ್ನ ಕೆಲಸ. ನನ್ನ ಕೆಲಸ ನಾ ಯಾಕ ಬಿಡ್ಲಿ?" ಎಂದಳು.

ಭಾನುವಾರಗಳಲ್ಲಿ ಠಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿ ನಾನು ಅವಳ ಮನೆಗೆ ಹೋಗುತ್ತೇನೆ. ಸಂಜೆ ಅವಳ ಜೊತೆ ಚೀಲ ಹಿಡಿದು ಪೇಟೆಗೆ ಹೊರಟರೆ ಹಲಗೆಯ ಮುಂದೆ ನಿಲ್ಲಲೇಬೇಕು. ಅಲ್ಲಿ ಪದವಿಯಿಲ್ಲದ ಸಂಖ್ಯಾಶಾಸ್ತ್ರಜ್ಞರು ಬೇಕಾದಷ್ಟು ಮಂದಿ. ಯಾವ ಅಂಕಿ ಪದೇಪದೇ ಬರುತ್ತಿದೆ, ಯಾವುದು ಮುನಿಸಿಕೊಂಡು ಕೂತಿದೆ ಎಂದು ಅವರು ಹಿಂದಿಯಲ್ಲೂ ಮರಾಠಿಯಲ್ಲೂ ವಾದಿಸುತ್ತಾರೆ. ಅವರ ನಡುವೆ ಅಕ್ಕನದು ಒಂದೇ ಸಿದ್ಧಾಂತ: "ಬಾಳ ದಿನಾ ಆತಪಾ, ಇನ್ನ ಬರೂದ ಐತಿ."

"ಅಕ್ಕಾ, ಆ ಲಾಟರಿ ಎತ್ತೂ ಯಂತ್ರಕ್ಕ ಹಿಂದಿನ್ದು ನೆನಪ ಇರೂದಿಲ್ಲ" ಎಂದು ಒಮ್ಮೆ ತಿಳಿಹೇಳಲು ಹೋದೆ. "ಪ್ರತಿ ಸಲಾ ಹೊಸಾದ. ಎಷ್ಟ ಕಾದ್ರೂ ಅದರ ಪಾಳಿ ಅಂತ ಬರೂದಿಲ್ಲ."

"ನಿಮ್ಮ ಯಂತ್ರಕ್ಕ ನೆನಪ ಇರ್ಲಿಕ್ಕಿಲ್ಲ. ನನಗ ಐತಲ್ಲ" ಎಂದು ಅವಳು ಮೆಂತ್ಯದ ಸಿವುಡು ಆರಿಸತೊಡಗಿದಳು. ನನ್ನ ವಿದ್ಯೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಗೆಳೆಯರೇ, ಹಿಂದಿರುಗುವ ಗಾಡಿಯಲ್ಲಿ ಡೊಂಬಿವಲಿಯ ದೀಪಗಳನ್ನು ನೋಡುತ್ತ ಕೂತಾಗ ನನಗೆ ನನ್ನ ಶಾಸ್ತ್ರದ ಮೇಲೆ ಸಣ್ಣಗೆ ಸಿಟ್ಟು ಬರುತ್ತಿತ್ತು. ಅದು ಹೇಳುವುದೇನೋ ನಿಜ. ಅಂಕಿಗಳನ್ನು ಎತ್ತುತ್ತ ಹೋದರೆ ಕೆಲವು ಹೆಚ್ಚು ಸಲ ಬರುತ್ತವೆ, ಕೆಲವು ಕಡಿಮೆ. ಎಲ್ಲವೂ ಸರಿಸಮನಾಗಿ ಬಂದರೇ ಅನುಮಾನ ಪಡಬೇಕು. ಬಹುಕಾಲ ಕಳೆದರೆ ಎಲ್ಲ ಅಂಕಿಗಳ ಪಾಲೂ ಹೆಚ್ಚುಕಡಿಮೆ ಒಂದೇ ಆಗುತ್ತದೆ ಎನ್ನುವುದೂ ನಿಜ. ಆದರೆ ಅದು ಹೇಗೆ ಆಗುತ್ತದೆಂದು ಬಲ್ಲಿರಾ? ಹಿಂದೆ ಬಿದ್ದ ಅಂಕಿಗೆ ಯಾರೂ ಕೊರತೆ ತುಂಬಿಕೊಡುವುದಿಲ್ಲ. ಕೊರತೆ ಇದ್ದಲ್ಲೇ ಇದ್ದರೂ, ಮುಂದಿನ ಎಣಿಕೆ ಬೆಳೆದು ಬೆಳೆದು ಅದರೆದುರು ಆ ಕೊರತೆ ಸಣ್ಣದಾಗಿ ಕಾಣುತ್ತದೆ, ಅಷ್ಟೇ. ಇದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಇದರ ಅರ್ಥ ಆದದ್ದು ಮಾಮಾ ಹೋದ ಮೇಲೆ, ಅವರ ಕುರ್ಚಿಯ ಮೇಲೆ ಒಗೆದ ಬಟ್ಟೆ ಮಡಚಿಡಲು ಅಕ್ಕ ಶುರುಮಾಡಿದಾಗ. ನನಗೂ ಅವರ ನೆನಪು ಬಹಳ ಬರುತ್ತದೆ.

ಹೋದ ಚಳಿಗಾಲದ ಒಂದು ಭಾನುವಾರ ಹಲಗೆಯ ಮುಂದೆ ಎಂದಿನಂತೆ ನಿಂತೆವು. ಮೇಲಿನ ಸಾಲಿನಲ್ಲಿ, ಮೊದಲ ಬಹುಮಾನದ ಸಂಖ್ಯೆಯ ಕೊನೆಗೆ, ನಲವತ್ತೇಳು ಇತ್ತು. ಮೊದಲು ನೋಡಿದವನು ನಾನು. ಆಮೇಲೆ ಅಕ್ಕನ ಕಣ್ಣೂ ಅಲ್ಲಿಗೆ ಹೋಯಿತು. ಹಿಗ್ಗುವಳೆಂದುಕೊಂಡೆ. ಅವಳು ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿ, ಏನೂ ಕೊಳ್ಳದೆ ಮನೆಯ ಕಡೆ ತಿರುಗಿದಳು. ಬಾಗಿಲಲ್ಲಿ ಚಪ್ಪಲಿ ಬಿಡುವಾಗ, ಯಾರಿಗೋ ಎಂಬಂತೆ, "ಬಂತ್ರೀ" ಎಂದಳು. ಒಳಗೆ ಫ್ರಿಜ್ಜಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಖಾಲಿ ಚೀಲವನ್ನು ಗೂಟಕ್ಕೆ ಸಿಕ್ಕಿಸುತ್ತ ಅವಳು ಕೇಳಿದಳು: "ಆತಲ್ಲಪಾ. ಇನ್ನ ಅದರ ಚೀಟಿ ಹರದ ಒಗೀತಾರ. ಬರೂ ವಾರದಿಂದ ನಾ ಏನ ನೋಡ್ಲಿಕ್ಕೆ ಹೋಗ್ಲಿ?"

ಆಗಲೇ ನನಗೆ ಹೊಳೆದದ್ದು, ಇಷ್ಟು ವರ್ಷ ಅವಳು ಲಾಟರಿಯನ್ನೂ ತನ್ನ ಭಿಶಿಯ ಡಬ್ಬಿಯೆಂದೇ ತಿಳಿದಿದ್ದಳೆಂದು. ಒಮ್ಮೆ ಬಂದದ್ದು ಮತ್ತೆ ಬಾರದು. ಕಾಯುವ ಕೆಲಸವೂ ಅಲ್ಲಿಗೆ ಮುಗಿಯಿತು. ಯಾವ ಮಾತಿನಿಂದ ಅವಳ ಆಸೆ ಬಿಡಿಸಲು ಹೋಗಿದ್ದೆನೋ ಅದೇ ಮಾತು ಈಗ ನನ್ನ ಬಾಯಿಗೆ ಬೇರೆಯಾಗಿ ಬಂತು.

"ಇಲ್ಲಕ್ಕಾ, ಇದರಾಗ ಹರಿಯೂದಿಲ್ಲ. ಬಂದದ್ದನ್ನ ತಿರಗಿ ಡಬ್ಬ್ಯಾಗ ಹಾಕ್ತಾರ. ಈ ವಾರ ಬಂದದ್ದು ಬರೂ ವಾರಾನೂ ಬರಬಹುದು."

"ಖರೇನ?"

"ಖರೇನ. ಅದಕ್ಕ ನೆನಪ ಇರೂದಿಲ್ಲ ಅಂದಿದ್ನಲ್ಲ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಚಹಾಕ್ಕೆ ಇಟ್ಟಳು.

ಮುಂದಿನ ಭಿಶಿ ಕೂಡಿದ್ದೂ ಒಂದು ಭಾನುವಾರವೇ. ನಾನು ಮೂಲೆಯಲ್ಲಿ ಅವಲಕ್ಕಿ ತಿನ್ನುತ್ತ ಕೂತಿದ್ದೆ. ಡಬ್ಬಿ ಅಲುಗಿತು, ಪಕ್ಕದ ಮನೆಯ ಉಡುಪಿಯ ಹೆಂಗಸು ಚೀಟಿ ಎತ್ತಿ ಬಿಡಿಸಿ, "ಇದೆಂತ ಅಕ್ಕ, ಇದರಲ್ಲಿ ಹೆಸರೇ ಇಲ್ಲ, ಬರೀ ನಲವತ್ತೇಳು ಅಂತ ಉಂಟು" ಎಂದರು.

"ಅದು ನಮ್ಮವರದು" ಎಂದಳು ಅಕ್ಕ, ಚೀಟಿಯನ್ನು ಅವರ ಕೈಯಿಂದ ತೆಗೆದುಕೊಂಡು ಮೊದಲಿನ ಗೆರೆಗಳ ಮೇಲೇ ಮಡಚುತ್ತ. "ಅದನ್ನ ಹರಿಯೂದಿಲ್ಲ. ತಿರಗಿ ಹಾಕೂದು."

ಜಜ್ಜಿದ ಮುಚ್ಚಳ ಮುಚ್ಚಿ, ಡಬ್ಬಿಯನ್ನು ಮತ್ತೊಮ್ಮೆ ಚೆನ್ನಾಗಿ ಅಲುಗಿಸಿದಳು.