ಅಳದೆ ಎದ್ದು ಹೋದ ಗಂಡು

ನಾನು ಚಿಕ್ಕವಳಿದ್ದಾಗ, ಇನ್ನೂ ಉದ್ದಲಂಗ ಎತ್ತಿ ಹಿಡಿದು ಓಡಾಡುತ್ತಿದ್ದ ವಯಸ್ಸಿನಲ್ಲಿ, ನಮ್ಮಪ್ಪನಷ್ಟು ಸಿನಿಮಾ ಹುಚ್ಚಿನವರು ದಬ್ಬೇಘಟ್ಟದ ಸುತ್ತಮುತ್ತ ಇನ್ನೊಬ್ಬರಿರಲಿಲ್ಲ. ಅವರಷ್ಟು ಅನುಮಾನದವರೂ ಇರಲಿಲ್ಲ. ಟೆಂಟಿಗೆ ಬಂದ ಯಾವ ಚಿತ್ರವನ್ನೂ ಬಿಡರು, ಯಾವುದನ್ನೂ ನಂಬರು. ಪೌರಾಣಿಕ ನೋಡಿಬಂದರೆ, “ಅಷ್ಟು ದಪ್ಪ ಗದೆ ಎತ್ತಿದ್ರೂ ಕೈ ಬಗ್ಗಲಿಲ್ಲ, ಒಳಗೆಲ್ಲ ಬೆಂಡು ಕಣಮ್ಮ” ಅನ್ನುವರು. ದೆವ್ವದ ಚಿತ್ರವಾದರೆ, ಆ ದೆವ್ವದ ಬಿಳಿ ಸೀರೆಯನ್ನು ದಿನಾ ಒಗೆದುಕೊಡುವವರು ಯಾರು ಎಂಬ ಚಿಂತೆ. ಪ್ರೇಮದ ಚಿತ್ರದಲ್ಲಿ ಇಬ್ಬರೂ ತೋಟದಲ್ಲಿ ಕುಣಿಯುತ್ತಿದ್ದರೆ, ಇವರು ಹೀಗೆ ಕುಣೀತಾ ಇದ್ರೆ ನೀರು ಹಾಯಿಸೋರು ಎಲ್ಲಿ ಎಂದು ನನ್ನನ್ನೇ ಕೇಳುವರು. ಪತ್ತೇದಾರಿ ಚಿತ್ರದಲ್ಲಂತೂ ಮೊದಲು ನಗುನಗುತ್ತಾ ಕಾಫಿ ಕೊಟ್ಟವನೇ ಕೊಲೆಗಾರ ಎಂದು ಗಟ್ಟಿಯಾಗಿ ಹೇಳಿಬಿಡುವರು. ಅಕ್ಕಪಕ್ಕದವರು ಬೈಯುವರು. ಎಷ್ಟೋ ಸಲ ಅಪ್ಪ ಹೇಳಿದ್ದೇ ನಿಜವಾಗುತ್ತಿತ್ತು.

ಅಳಿಸುವ ಸಂಸಾರದ ಚಿತ್ರದ ಮೇಲೆ ಮಾತ್ರ ಅವರಿಗೆ ಅನುಮಾನವಿರಲಿಲ್ಲ. ತಾಯಿ ಸಾಯುವ ದೃಶ್ಯ ಬಂದರೆ ಹೆಗಲ ಮೇಲಿನ ಟವೆಲು ಒದ್ದೆಯಾಗುವಷ್ಟು ಅಳುವರು. ಅಲ್ಲೂ ಅಳದವನ ಎದೆಯಲ್ಲಿ ಕಲ್ಲಿದೆ ಎನ್ನುವುದು ಅವರ ತೀರ್ಮಾನ.

ಇದರಿಂದ ಕಷ್ಟಕ್ಕೆ ಸಿಕ್ಕಿದವಳು ನಮ್ಮಕ್ಕ. ಅವಳನ್ನು ನೋಡಲು ಬಂದ ಗಂಡುಗಳಲ್ಲೂ ಅಪ್ಪ ಸಿನಿಮಾದವರನ್ನೇ ಹುಡುಕುತ್ತಿದ್ದರು. ಒಬ್ಬನ ಸಣ್ಣ ಮೀಸೆ ಕಳ್ಳನೋಟು ಅಚ್ಚು ಹಾಕುವ ಖಳನ ಮೀಸೆಯ ಹಾಗಿತ್ತಂತೆ, ಬೇಡವೆಂದರು. ಇನ್ನೊಬ್ಬ ವಿಪರೀತ ನಗುತ್ತಿದ್ದ, ಅವನೂ ಬೇಡ. ಆಮೇಲೆ ಹಾಲ್ಕುರಿಕೆ ಕಡೆಯಿಂದ ಒಬ್ಬ ಹುಡುಗ ತಾಯಿಯ ಜೊತೆ ಬಂದ. ಅಕ್ಕ ಅಡುಗೆಮನೆಗೆ ಬಂದು ಅಮ್ಮನ ಹತ್ತಿರ, “ಈ ಸಲಾನೂ ಅಪ್ಪ ಬ್ಯಾಡ ಅಂದ್ರೆ ನಾನು ಇನ್ಯಾರ ಮುಂದೂ ಬಂದು ಕೂತ್ಕಳಲ್ಲ ಕಣಮ್ಮ” ಎಂದಳು.

ಆ ಹುಡುಗನಿಗೆ ಮಾತು ಕಡಿಮೆ. ನಗುವೂ ಕಡಿಮೆ, ಮೀಸೆಯೂ ದಪ್ಪ. ತಪ್ಪೇ ಸಿಗಲಿಲ್ಲವಲ್ಲ ಎನ್ನುವುದೇ ಅಪ್ಪನಿಗೆ ದೊಡ್ಡ ಅನುಮಾನ. “ಟೆಂಟಲ್ಲಿ ಒಳ್ಳೆ ಸಂಸಾರದ ಚಿತ್ರ ಬಂದೈತೆ, ಮೊದಲ್ನೇ ಆಟ ನೋಡ್ಕಂಡು ಬರಾನ ಬನ್ನಿ” ಎಂದು ತಾಯಿ, ಮಗ ಇಬ್ಬರನ್ನೂ ಗಾಡಿ ಹತ್ತಿಸಿದರು. ಅಕ್ಕನೂ ನಾನೂ ಹತ್ತಿದೆವು. ಹುಡುಗ ಅಳುತ್ತಾನೋ ಇಲ್ಲವೋ ನೋಡುವುದಕ್ಕೇ ಅಪ್ಪ ಕರೆದುಕೊಂಡು ಹೊರಟಿದ್ದಾರೆಂದು ಅಕ್ಕನಿಗೆ ಗೊತ್ತಾಗಿಹೋಗಿತ್ತು. ದಾರಿಯುದ್ದಕ್ಕೂ ಸೆರಗಿನ ತುದಿ ಕಚ್ಚಿಕೊಂಡೇ ಕೂತಿದ್ದಳು.

ಟೆಂಟು ಒಂದು ತೆಂಗಿನ ತೋಟದ ಮಗ್ಗುಲಲ್ಲಿತ್ತು. ಮೈಕಿನಲ್ಲಿ ದೇವರ ಹಾಡು ಮುಗಿಯಿತೆಂದರೆ ಆಟ ಶುರು. ನಾವು ಇಳಿಯುವಾಗ ಹಾಡು ಮುಗಿಯುತ್ತಾ ಬಂದಿತ್ತು. ಅಪ್ಪ ದಡಬಡನೆ ಎತ್ತುಗಳನ್ನು ನೊಗದಿಂದ ಬಿಚ್ಚಿ, ಎದುರಿಗೆ ಸಿಕ್ಕಿದ ತೆಂಗಿನ ಮರಕ್ಕೆ ಕಟ್ಟಿ ಒಳಗೆ ನುಗ್ಗಿದರು. ಮೋಟುಗೋಡೆಯ ಆಚೆ ಹೆಂಗಸರು, ಈಚೆ ಗಂಡಸರು. ನಾನು ಅಪ್ಪನ ತೊಡೆಯ ಮೇಲೆ. ಬೀಡಿ ಹೊಗೆ, ಹುರಿಗಡಲೆ, ನೀರು ಚಿಮುಕಿಸಿದ ಮರಳು, ಎಲ್ಲದರ ವಾಸನೆಯೂ ಒಟ್ಟಿಗೇ ಬರುತ್ತಿತ್ತು.

ಅವತ್ತು ಅಪ್ಪ ಪರದೆ ನೋಡಲೇ ಇಲ್ಲ. ಪರದೆಯ ಬೆಳಕಿನಲ್ಲಿ ಹುಡುಗನ ಮುಖವನ್ನೇ ನೋಡುತ್ತಿದ್ದರು. ಹಾಸ್ಯದವನು ಜಾರಿ ಬಿದ್ದಾಗ ಟೆಂಟೆಲ್ಲ ನಕ್ಕಿತು, ಹುಡುಗ ನಗಲಿಲ್ಲ. ಹೊಡೆದಾಟಕ್ಕೆ ಶಿಳ್ಳೆ ಬಿದ್ದಾಗ ಇವನು ಕತ್ತು ಹೊರಳಿಸಿ ಬಾಗಿಲ ಕಡೆ ನೋಡಿದ. “ಯಾರನ್ನೋ ಕಾಯ್ತಾವ್ನೆ” ಎಂದು ಅಪ್ಪ ನನ್ನ ಕಿವಿಯಲ್ಲಿ ಉಸುರಿದರು. ನನಗೂ ಹಾಗೇ ಅನ್ನಿಸತೊಡಗಿತು, ಅವರ ಮಗಳಲ್ಲವೇ. ಕೊನೆಗೆ ತಾಯಿ ಸಾಯುವ ದೃಶ್ಯ ಬಂತು. ಗೋಡೆಯಾಚೆ ಹೆಂಗಸರು ಬಿಕ್ಕುತ್ತಿದ್ದರು. ಅಷ್ಟರಲ್ಲಿ ಗಾಳಿ ಎದ್ದು ಟೆಂಟಿನ ಬಟ್ಟೆ ಪಟಪಟ ಬಡಿಯಿತು. ಹುಡುಗ ಎದ್ದು ಹೊರಗೆ ಹೊರಟೇಹೋದ. ಮೋಟುಗೋಡೆಯ ಮೇಲಿಂದ ಅಕ್ಕ ಅದನ್ನು ನೋಡಿದಳು. ಸೆರಗಿನ ತುದಿ ಮತ್ತೆ ಅವಳ ಬಾಯಿಗೆ ಹೋಯಿತು.

“ನಡಿ, ಏನ್ ಮಾಡ್ತಾನೋ ನೋಡೇಬುಡಾನ” ಎಂದು ಅಪ್ಪ ನನ್ನನ್ನು ಎತ್ತಿಕೊಂಡು ಹಿಂದೆಯೇ ಹೋದರು. ಹುಡುಗ ರಸ್ತೆಯಾಚೆ ನಮ್ಮ ಎತ್ತುಗಳನ್ನು ಹುಣಸೆಮರಕ್ಕೆ ಕಟ್ಟುತ್ತಿದ್ದ. ಮೊದಲು ಅವು ನಿಂತಿದ್ದ ಜಾಗದಲ್ಲಿ ಒಂದು ಒಣಗರಿ, ಜೊತೆಗೆ ಬಲಿತ ಕಾಯಿಗಳು ಬಿದ್ದಿದ್ದವು. ಕಾಯಿ ಬಲಿತ ಮರದ ಬುಡದಲ್ಲಿ ದನ ಕಟ್ಟಬಾರದೆಂದು ನಮ್ಮ ಸೀಮೆಯ ಚಿಕ್ಕ ಮಕ್ಕಳಿಗೂ ಗೊತ್ತು. ಸಿನಿಮಾದ ಆತುರದಲ್ಲಿ ಅಪ್ಪ ಕಟ್ಟಿಬಿಟ್ಟಿದ್ದರು.

“ಆಗ್ಲೇ ಹೇಳಬಾರದಿತ್ತೇನಪ್ಪ?” ಎಂದರು ಅಪ್ಪ.

“ಅವಾಗ ಗಾಳಿ ಇರ್ಲಿಲ್ಲ. ನೀವು ಅಷ್ಟು ಆಸೆಯಿಂದ ಒಳಗೆ ಹೋದ್ರಿ, ತಡೆಯೋಕೆ ಮನಸಾಗ್ಲಿಲ್ಲ. ಗಾಳಿ ಎದ್ರೆ ಬಂದು ನೋಡ್ಕಳಾನ ಅಂತ ಈ ಕಡೆಗೇ ಕಿವಿ ಕೊಟ್ಕಂಡು ಕೂತಿದ್ದೆ.”

ಅಪ್ಪ ಎತ್ತಿನ ಬೆನ್ನು ಸವರಿದರು. ಆಮೇಲೆ ಟವೆಲಿನಿಂದ ಕಣ್ಣೊರೆಸಿಕೊಂಡರು. ಮನೆಗೆ ಹೊರಟಾಗ ಎತ್ತುಗಳ ಹಗ್ಗವನ್ನು ಹುಡುಗನ ಕೈಗೇ ಕೊಟ್ಟು, ತಾವು ಹಿಂದೆ ಬಂದು ನಮ್ಮ ಜೊತೆ ಕೂತರು. ಅಪ್ಪ ನಮ್ಮ ಎತ್ತಿನ ಹಗ್ಗವನ್ನು ಇನ್ನೊಬ್ಬರ ಕೈಗೆ ಕೊಟ್ಟಿದ್ದನ್ನು ಅಕ್ಕ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅವಳು ಸೆರಗನ್ನು ಬಾಯಿಂದ ಬಿಟ್ಟಳು. ಆ ವರ್ಷವೇ ಅವರು ನನಗೆ ಭಾವನಾದರು.

ಈಗ ನೀವು ಸಿನಿಮಾ ನೋಡುವುದನ್ನು ನಾನು ನೋಡುತ್ತಿರುತ್ತೇನೆ ಮಕ್ಕಳೇ. ಒಬ್ಬೊಬ್ಬರಿಗೆ ಒಂದೊಂದು ಫೋನು, ಒಬ್ಬನಿಗೆ ದೆವ್ವ, ಇನ್ನೊಬ್ಬಳಿಗೆ ಹೊಡೆದಾಟ. ಬೇಕೆಂದಾಗ ಬೇಕಾದ ಚಿತ್ರ ಬರುತ್ತದೆ, ಮರಳ ಮೇಲೆ ಕೂತು ಸೊಳ್ಳೆ ಕೈಲಿ ಕಚ್ಚಿಸಿಕೊಳ್ಳಬೇಕಿಲ್ಲ. ಅದೆಲ್ಲ ಒಳ್ಳೆಯದೇ. ಆದರೆ ಕಿವಿಗೆ ಸಿಕ್ಕಿಸಿಕೊಳ್ಳುತ್ತೀರಲ್ಲ, ಆ ಗುಂಡಿಗಳ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಮೊನ್ನೆ ಹಿತ್ತಲಲ್ಲಿ ದೊಡ್ಡ ತೆಂಗಿನ ಗರಿಯೊಂದು ದೊಪ್ಪನೆ ಬಿತ್ತು. ನಾನು ಅಲ್ಲೇ ಪಾತ್ರೆ ತೊಳೆಯುತ್ತಿದ್ದೆ. ಏಟೇನೂ ಬೀಳಲಿಲ್ಲ, ಬೇಜಾರಾಯಿತು ಅಷ್ಟೆ. ಒಳಗೆ ನೀವು ಮೂವರೂ ಇದ್ದಿರಿ, ಯಾರೂ ಎದ್ದು ಬರಲಿಲ್ಲ.