ಅಳತೆಗೆ ಸಿಗದ ಹಾಡು

ನಮ್ಮ ಬೀದಿಯ ದರ್ಜಿಗೆ ಯಾರ ಮೈಗೆ ಯಾವ ಅಂಗಿ ಹೊಂದುತ್ತದೆಂದು ದೂರದಿಂದಲೇ ಗೊತ್ತಾಗುತ್ತದೆ. ತನ್ನ ಕಿವಿಗೆ ಯಾವ ಹಾಡು ಹೊಂದುತ್ತದೆಂದು ಮಾತ್ರ ಹತ್ತು ವರ್ಷದಿಂದ ಗೊತ್ತಾಗಿಲ್ಲ. ಹಳೆಯವೆಲ್ಲ ಕೇಳಿ ಕೇಳಿ ಸವೆದುಹೋಗಿವೆ, ಮನಸ್ಸಿಗೆ ಹಿಡಿಸುವ ಹೊಸದೊಂದು ಬೇಕು. ಅಂಗಡಿ ತೆರೆದವನೇ ಇಯರ್‌ಫೋನ್ ಸಿಕ್ಕಿಸಿಕೊಂಡು ಹುಡುಕಾಟಕ್ಕೆ ಕೂರುತ್ತಾನೆ. ಅದರ ಫಲ ಉಣ್ಣುವವರು ಗಿರಾಕಿಗಳು. ಗಜಲಿನ ವಾರ ಹೊಲಿದ ಪ್ಯಾಂಟುಗಳೆಲ್ಲ ಒಂದು ಗೇಣು ಉದ್ದವಾದವು. ರ‍್ಯಾಪಿನ ವಾರ ಪೋಸ್ಟ್‌ಮನ್ನನ ಅಂಗಿಯಲ್ಲಿ ಏಳು ಗುಂಡಿಗೆ ಹದಿನಾಲ್ಕು ಕಾಜ ಬಿದ್ದವು. ಜಾಝ್ ಕೇಳಿದಾಗಲಂತೂ ಎರಡು ತೋಳುಗಳೂ ಒಂದೇ ಕಡೆ ಸೇರಿಕೊಂಡವು. "ಏನಪ್ಪಾ ಇದು?" ಎಂದರೆ, "ಹಾಡು ಸರಿಯಿರ್ಲಿಲ್ಲ ಸಾರ್, ಬಿಚ್ಚಿ ಹೊಲಿದುಕೊಡ್ತೀನಿ" ಎನ್ನುತ್ತಾನೆ. ಯಾರಾದರೂ ಒಳ್ಳೆಯ ಹಾಡೊಂದನ್ನು ಹೇಳಿದರೆ ಅರ್ಧ ನಿಮಿಷ ಕೇಳಿ, "ಭುಜದಲ್ಲಿ ಬಿಗಿ" ಅಂತಲೋ "ಸೊಂಟದಲ್ಲಿ ಸಡಿಲ" ಅಂತಲೋ ತಳ್ಳಿಹಾಕುತ್ತಾನೆ. ಒಮ್ಮೊಮ್ಮೆ ಸೂಜಿಗೆ ದಾರ ಪೋಣಿಸುತ್ತಾ, "ನನ್ನ ಕಿವೀನೇ ಸತ್ತೋಯ್ತೇನೋ" ಎಂದು ಮೆಲ್ಲಗೆ ಹೇಳಿಕೊಳ್ಳುವುದೂ ಉಂಟು. ಹತ್ತು ವರ್ಷದಿಂದ ಕಿವಿ ಬಿಟ್ಟು ಇಳಿಯದ ಆ ಇಯರ್‌ಫೋನ್ ಮೊನ್ನೆ ಕೆಟ್ಟಿತು. ಬರಿಗಿವಿಯಲ್ಲಿ ಅಂಗಿ ಹೊಲಿಯುತ್ತಿದ್ದರೆ, ಹಿಂದೆ ಕೂತು ಗುಂಡಿ ಹಾಕುತ್ತಿದ್ದ ಹೆಂಡತಿ ಏನೋ ಗುನುಗುತ್ತಿದ್ದಳು. ಅವನ ಕಾಲು ನಿಂತಿತು. ಅವಳ ಗುನುಗೂ ನಿಂತಿತು. "ಏ, ಅದ್ಯಾವ ಹಾಡೇ?" "ಹಾಡೆಲ್ಲಿ ಬಂತು! ನೀವು ಮಿಷನ್ ತುಳಿಯೋ ಸದ್ದಿಗೆ ಸುಮ್ನೆ ಗುನುಗ್ತೀನಿ. ಮದುವೆ ಆದಾಗಿಂದ್ಲೂ ಅಷ್ಟೇ." ದರ್ಜಿ ಅಂಗಿಯನ್ನು ಪಕ್ಕಕ್ಕಿಟ್ಟು, ಸೂಜಿಯ ಕೆಳಗೆ ಬಟ್ಟೆಯೇ ಇಲ್ಲದ ಮಿಷನ್ನನ್ನು ಸಂಜೆಯವರೆಗೂ ತುಳಿದ.